ಮಿನಾಕ್ಸಿಡಿಲ್ ಹಚ್ಚೋದಾ, ಫಿನಾಸ್ಟರೈಡ್ ನುಂಗೋದಾ?

ಗಂಡಸರಿಗೆ ಕೂದಲು ಉದುರಿ ಹಣೆಯ ಎರಡೂ ಬದಿ, ನೆತ್ತಿ ಬರಿದಾಗುತ್ತಿದ್ದರೆ ಹೆಚ್ಚಾಗಿ ಕಾರಣ ವಂಶದ ಗುಣ ಮತ್ತು ಡಿಎಚ್‌ಟಿ ಎಂಬ ಹಾರ್ಮೋನ್. ಸುಮ್ನೆ ಎಣ್ಣೆ, ಶಾಂಪೂ ಬದಲಿಸುತ್ತಾ ಹೋದರೆ ಅದು ನಿಲ್ಲುವುದಿಲ್ಲ. ಅದಕ್ಕೆ ಕೊಡುವ ಔಷಧಿಗಳೇ ಹಚ್ಚುವ ಮಿನಾಕ್ಸಿಡಿಲ್ ಮತ್ತು ನುಂಗುವ ಫಿನಾಸ್ಟರೈಡ್.

ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಹಚ್ಚುವ ಔಷಧಿ ಮಾಡಿದರು. 1988ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಗಂಡಸರಿಗೆ ಸಾಮಾನ್ಯವಾಗಿ 5% ದ್ರಾವಣ, ದಿನಕ್ಕೆ ಎರಡು ಸಲ. ಮೊದಲ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೆದರಿ ಬಿಡುವವರು ಹೆಚ್ಚಾಗಿ ಈ ಹಂತದಲ್ಲೇ ಬಿಡುತ್ತಾರೆ, ಆದರೆ ಅದು ತಾತ್ಕಾಲಿಕ. ಕೆಲವರಿಗೆ ನೆತ್ತಿ ತುರಿಸುತ್ತದೆ.

ಫಿನಾಸ್ಟರೈಡ್ 1 ಮಿ.ಗ್ರಾಂ ಮಾತ್ರೆಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿಯನ್ನೇ ಇಳಿಸುವುದರಿಂದ ಉದುರುವುದನ್ನು ತಡೆಯಲು ಇದೇ ಮೇಲು. ದಿನಕ್ಕೊಂದೇ ಮಾತ್ರೆ. ಆದರೆ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ನಿಮಿರುವಿಕೆಗೆ ತೊಂದರೆಯಾಗುತ್ತದೆ, ಮನಸ್ಸು ಮಂಕಾಗುತ್ತದೆ. ಹಾಗಾದರೆ ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಗಂಡಸರ ಪ್ರಾಸ್ಟೇಟ್ ಗ್ರಂಥಿಗೆಂದು ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನೂ ಇದು ಇಳಿಸುತ್ತದೆ, ಅದಕ್ಕೇ ಪರೀಕ್ಷೆಗೆ ಮುಂಚೆ ತಿಳಿಸಲೇಬೇಕು. ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ಎರಡಕ್ಕೂ ಫಲ ಕಾಣಲು ಕೆಲವು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿದರೂ ಉಳಿದ ಕೂದಲಿಗೆ ಔಷಧಿ ಬೇಕಾಗಬಹುದು.

ಈಗಷ್ಟೇ ತೆಳುವಾಗುತ್ತಿದೆ, ಮಾತ್ರೆ ಎಂದರೆ ಅಳುಕು ಎನ್ನುವವರು ಮಿನಾಕ್ಸಿಡಿಲ್‌ನಿಂದ ಶುರು ಮಾಡುವುದು ವಾಸಿ. ಬೇಗ ಬೇಗ ಬರಿದಾಗುತ್ತಿದ್ದರೆ ಚರ್ಮವೈದ್ಯರ ಬಳಿ ಫಿನಾಸ್ಟರೈಡ್ ಬಗ್ಗೆ ಕೇಳಿ. ಎರಡನ್ನೂ ಒಟ್ಟಿಗೆ ಕೊಡುವುದೂ ಉಂಟು.