ತೆಳು ಹಲಗೆಯ ಪೆಟ್ಟಿಗೆಗೆ ಹಿಂಜಸ್ ಹಾಕುವ ಮುಂಚೆ

ಕೈಯಾರೆ ಪುಟ್ಟ ಮರದ ಪೆಟ್ಟಿಗೆ ಮಾಡುವ ಹವ್ಯಾಸ ಇರುವವರು, ಅದರಲ್ಲೂ ಹಲಗೆಯನ್ನು ಕಾಲಿಂಚು ದಪ್ಪಕ್ಕೆ ಇಳಿಸಿಕೊಂಡವರು, ಹಿಂಜಸ್ ಕೂರಿಸುವ ಮುಂಚೆ ದಯವಿಟ್ಟು ಇದನ್ನು ಓದಿ. ಮೂರು ವಾರ ಕೂತು ಮಾಡಿದ ಕೆಲಸವನ್ನು ನಾನು ಒಂದೇ ಭಾನುವಾರ ಮಧ್ಯಾಹ್ನ ಕೆಡಿಸಿಕೊಂಡೆ. ಪೆಟ್ಟಿಗೆ ಆಮೇಲೆ ಹೇಗೋ ಉಳಿಯಿತು. ಆದರೆ ಹೋದದ್ದರಲ್ಲಿ ಕೆಲವು ಮತ್ತೆ ಸಿಗುವಂಥದ್ದಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಬಿಚ್ಚಿದಾಗ ಅಡುಗೆಮನೆಯ ಅಟ್ಟದ ಒಂದು ಹಲಸಿನ ಹಲಗೆಯನ್ನು ಎತ್ತಿಟ್ಟುಕೊಂಡಿದ್ದೆ. ಹಲಸು ಕೊಯ್ದ ಹೊಸದರಲ್ಲಿ ಅರಿಶಿನದ ಬಣ್ಣ ಇರುತ್ತದೆ, ವರ್ಷ ಕಳೆದಂತೆ ಕಂದಾಗುತ್ತಾ ಹೋಗುತ್ತದೆ. ಈ ಹಲಗೆಯಂತೂ ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಹತ್ತರಿ ಹೊಡೆದಾಗ ಒಳಗಿನಿಂದ ಜೇನುತುಪ್ಪದ ಬಣ್ಣ ಎದ್ದು ಬಂತು. ನಡುವೆ ಒಂದು ಕಡು ಗೆರೆ, ಹೊಳೆ ಹರಿದ ಹಾಗೆ. ಅಮ್ಮನ ಗಾಜಿನ ಬಳೆಗಳಿಗೆ ಇದರಲ್ಲೇ ಪೆಟ್ಟಿಗೆ ಆಗಬೇಕು ಅಂತ ಆವತ್ತೇ ನಿರ್ಧರಿಸಿದೆ. 10 ಇಂಚು ಉದ್ದ, 6 ಇಂಚು ಅಗಲ, 4 ಇಂಚು ಎತ್ತರ. ಹಲಗೆ 6 ಮಿಲಿಮೀಟರ್.

ಆರೂ ಕಡೆ ಮುಚ್ಚಿದ ಪೆಟ್ಟಿಗೆಯನ್ನೇ ಮೊದಲು ಮಾಡಿ, ಆಮೇಲೆ ಗರಗಸದಲ್ಲಿ ಮೇಲಿನ ಒಂದಿಂಚನ್ನು ಕೊಯ್ದು ಮುಚ್ಚಳ ಮಾಡಿಕೊಂಡೆ. ಹೀಗೆ ಮಾಡಿದರೆ ಮರದ ಗೆರೆ ಪೆಟ್ಟಿಗೆಯಿಂದ ಮುಚ್ಚಳಕ್ಕೆ ಎಲ್ಲೂ ಕಡಿಯದೆ ಹಾಯುತ್ತದೆ. ಆ ಕಡು ಗೆರೆ ಮುಂದಿನ ಹಲಗೆಯಲ್ಲಿ ಓರೆಯಾಗಿ ಹತ್ತಿ ಮುಚ್ಚಳಕ್ಕೆ ಸೇರುತ್ತಿತ್ತು. ಅದನ್ನು ಎಷ್ಟು ಸಲ ಮುಚ್ಚಿ, ತೆಗೆದು ನೋಡಿದೆನೋ ಲೆಕ್ಕವಿಲ್ಲ.

ಹಿಂಜಸ್ಸಿನ ಯೋಚನೆ ಬಂದದ್ದು ಇಷ್ಟೆಲ್ಲ ಆದಮೇಲೆ. ಅಲ್ಲೇ ನಾನು ಎಡವಿದ್ದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚಿನ ಹಿತ್ತಾಳೆ ಹಿಂಜಸ್ ಒಂದು ಜೊತೆ ಕೊಟ್ಟರು, ಸ್ಕ್ರೂಗಳೂ ಅದೇ ಪೊಟ್ಟಣದಲ್ಲಿದ್ದವು. ಜೊತೆಗೇ ಬಂದಿದೆ ಅಂದಮೇಲೆ ಸರಿಯಾದದ್ದೇ ಇರುತ್ತದೆ ಅಂದುಕೊಂಡೆ. ಹಿಂಜಸ್ಸಿನ ಒಂದೊಂದು ರೆಕ್ಕೆ 8 ಮಿಲಿಮೀಟರ್ ಅಗಲ, ನನ್ನ ಹಲಗೆಯ ಅಂಚು 6. ಎರಡು ಮಿಲಿಮೀಟರ್ ಒಳಕ್ಕೆ ಚಾಚಿಕೊಂಡರೆ ಏನಾಯಿತು, ಬಳೆಗೆ ತಾಗುವುದಿಲ್ಲವಲ್ಲ ಅಂತ ಬಿಟ್ಟುಬಿಟ್ಟೆ. ಆ ಎರಡು ಮಿಲಿಮೀಟರಿನ ಲೆಕ್ಕವನ್ನು ಆಗ ಹಾಕಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸ್ಕ್ರೂ ತೂತು ಇರುವುದು ರೆಕ್ಕೆಯ ನಡುವೆ, ಅಂದರೆ ಹೊರ ಅಂಚಿನಿಂದ 4 ಮಿಲಿಮೀಟರಿಗೆ. ಒಳಗಡೆ ಉಳಿಯುವ ಮರ 2. ಸ್ಕ್ರೂವಿನ ದಪ್ಪವೇ 2, ಅದರಲ್ಲಿ ಅರ್ಧ ಈ ಕಡೆಗೆ ಬರುತ್ತದೆ. ಕೊನೆಗೆ ಸ್ಕ್ರೂವಿಗೂ ಪೆಟ್ಟಿಗೆಯ ಒಳಮೈಗೂ ನಡುವೆ ಉಳಿದದ್ದು ಒಂದೇ ಒಂದು ಮಿಲಿಮೀಟರ್ ಮರ. ಅದೂ ಎಷ್ಟೋ ವರ್ಷ ಒಲೆಯ ಮೇಲೆ ಒಣಗಿದ ಮರ.

ಇನ್ನೊಂದು ವಿಷಯ ಅವತ್ತು ನನಗೆ ಹೊಳೆದೇ ಇರಲಿಲ್ಲ. ರೆಕ್ಕೆಯ ತೂತುಗಳೆಲ್ಲ ಒಂದೇ ಗೆರೆಯಲ್ಲಿರುತ್ತವೆ. ಹಲಗೆಯ ನಾರು ಓಡುವುದೂ ಅದೇ ದಿಕ್ಕಿಗೆ. ಅಂಚೆಚೀಟಿಗಳ ನಡುವೆ ಹರಿಯಲು ಸುಲಭವಾಗಲಿ ಅಂತ ಸಾಲಾಗಿ ತೂತು ಹೊಡೆದಿರುತ್ತಾರಲ್ಲ, ಹಾಗೆ ಮರ ಎಲ್ಲಿ ಸೀಳಬೇಕು ಅಂತ ನಾನೇ ಗುರುತು ಹಾಕಿಕೊಟ್ಟ ಹಾಗಾಯಿತು.

ಮೊದಲ ಸ್ಕ್ರೂ ಸುಸೂತ್ರವಾಗಿ ಹೋಯಿತು. ಎರಡನೆಯದನ್ನು ಅರ್ಧ ತಿರುಗಿಸುವಷ್ಟರಲ್ಲಿ ಟಿಕ್ ಅಂತ ಒಂದು ಸದ್ದು, ಒಣ ಕಡ್ಡಿ ಮುರಿದ ಹಾಗೆ. ಬಗ್ಗಿ ನೋಡಿದರೆ ಒಳಮೈಯಲ್ಲಿ ಕೂದಲೆಳೆಯಂಥ ಗೆರೆ, ಎರಡಿಂಚು ಉದ್ದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇಷ್ಟು ಬಂದಾಗಿದೆ, ಇನ್ನೊಂದು ಸುತ್ತು ಅಂತ ಬಿಗಿದೆ. ಸ್ಕ್ರೂವಿನ ತಲೆ ಕಿತ್ತು ಕೈಗೆ ಬಂತು, ಮೈ ಮರದೊಳಗೇ ಉಳಿಯಿತು.

ಹಿತ್ತಾಳೆ ಸ್ಕ್ರೂ ಮೆತ್ತಗೆ. ಬಿಗಿಯಾದ ಮರದಲ್ಲಿ ಅದು ತಾನೇ ದಾರಿ ಮಾಡಿಕೊಂಡು ಹೋಗಲಾರದು. ಮುರಿದ ತುಂಡು ತೆಗೆಯಲು ಉಳಿ ಹಾಕಿದೆ, ಸುತ್ತಲ ಮರವೂ ಜೊತೆಗೆ ಎದ್ದು ಬಂತು. ಗುಳಿಗೆ ಬೆಂಕಿಕಡ್ಡಿ ತುರುಕಿ, ಕ್ಷಣದಲ್ಲಿ ಅಂಟುವ ಗೋಂದು ಸುರಿದೆ. ಆ ಗೋಂದು ನೀರಿನ ಹಾಗೆ ತೆಳ್ಳಗೆ ಹರಿಯುವುದನ್ನು ಕಣ್ಣಾರೆ ಕಂಡೆ. ರೆಕ್ಕೆಯ ಕೆಳಗಿಂದ ನುಸುಳಿ ಹಿಂಜಸ್ಸಿನ ಗಣ್ಣಿಗೆ, ಅಂದರೆ ಎರಡು ರೆಕ್ಕೆ ಸೇರಿ ತಿರುಗುವ ಕೀಲಿಗೆ, ಇಳಿದು ಅಲ್ಲೇ ಕಲ್ಲಾಯಿತು. ಸುತ್ತ ಮರದ ಮೇಲೆ ಬಿಳಿ ಹಬೆ ಕೂತ ಹಾಗೆ ಮಚ್ಚೆ ಬೇರೆ. ಬಿಡಿಸೋಣ ಅಂತ ಮುಚ್ಚಳವನ್ನು ಹಿಂದಕ್ಕೆ ಒತ್ತಿದೆ. ಆರಿಂಚು ಅಗಲದ ಮುಚ್ಚಳ ಹಾರೆಯ ಹಾಗೆ ಕೆಲಸ ಮಾಡಿತು. ಹಿಂಜಸ್, ಅದಕ್ಕೆ ಅಂಟಿದ ಮರದ ಚಕ್ಕೆ, ಎರಡೂ ಒಟ್ಟಿಗೆ ಕಿತ್ತು ಬಂದವು.

ಒಂದು ವಾರ ಅದನ್ನು ಬಟ್ಟೆ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆ. ಅಮ್ಮ ಕೇಳಿದಾಗ ಪಾಲಿಶ್ ಒಣಗುತ್ತಿದೆ ಅಂದೆ. ಸುಳ್ಳು ಹೇಳಿದ್ದು ಈಗಲೂ ಚುಚ್ಚುತ್ತದೆ.

ಕೊನೆಗೆ ನಮ್ಮ ಬೀದಿಯ ಹಿರಿಯ ಆಚಾರ್ರ ಬಳಿ ತೆಗೆದುಕೊಂಡು ಹೋದೆ. ಬಾಗಿಲು, ಕಿಟಕಿ ಮಾಡುವವರು. ಬೈಯಲಿಲ್ಲ. ಸೀಳಿನ ಮೇಲೆ ಉಗುರು ಆಡಿಸಿ, "ಮಾರಾಯ್ರೆ, ಕಾಲಿಂಚಿನ ಅಂಚಿಗೆ ಸ್ಕ್ರೂ ನಿಲ್ಲೋದುಂಟಾ? ಹಿಡ್ಕೊಳ್ಳೋಕೆ ಅಲ್ಲಿ ಮರ ಎಲ್ಲಿದೆ?" ಅಂದರು. "ಹಿಂಜಸ್ ಮೊದಲು ತಗೊಂಡು ಕೈಯಲ್ಲಿ ಇಟ್ಕೊಬೇಕು, ಹಲಗೆ ಆಮೇಲೆ ಕೊಯ್ಯಬೇಕು."

ಅವರು ಮಾಡಿದ್ದು ಸರಳ. ಪೆಟ್ಟಿಗೆಯ ಮತ್ತು ಮುಚ್ಚಳದ ಅಂಚು ಎರಡನ್ನೂ ಹತ್ತರಿಯಿಂದ ಸೀಳು ಮುಗಿಯುವವರೆಗೆ ಸವರಿದರು. ಹಿಂದಿನ ಹಲಗೆಯ ಒಳಮೈಗೆ ಅದೇ ಹಲಸಿನ ಪಟ್ಟಿಯೊಂದನ್ನು, 10 ಮಿಲಿಮೀಟರ್ ದಪ್ಪದ್ದು, ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಬಿಗಿದಿಟ್ಟರು. ಮುಚ್ಚಳಕ್ಕೂ ಹಾಗೇ. ಪಟ್ಟಿಯ ನಾರು ಹಲಗೆಯ ನಾರಿನ ದಿಕ್ಕಿಗೇ ಇರಬೇಕು ಅಂತ ಒತ್ತಿ ಹೇಳಿದರು. ಇಲ್ಲದಿದ್ದರೆ ಮಳೆಗಾಲದಲ್ಲಿ ಹಲಗೆ ಉಬ್ಬುವಾಗ ಎರಡೂ ಎಳೆದಾಡಿ ಅಂಟು ಬಿಡುತ್ತದೆ. ಮರುದಿನ ಅಂಚು 16 ಮಿಲಿಮೀಟರ್ ಆಗಿತ್ತು. ಸ್ಕ್ರೂವಿನ ಎರಡೂ ಬದಿಗೆ ಬೇಕಾದಷ್ಟು ಮರ.

ಆಮೇಲೆ ತೂತು. 2 ಮಿಲಿಮೀಟರ್ ಸ್ಕ್ರೂವಿಗೆ ಒಂದೂವರೆ ಮಿಲಿಮೀಟರ್ ಬಿಟ್ ಹಾಕಿದರು. ಎಷ್ಟು ಆಳ ಇಳಿಯಬೇಕೋ ಅಲ್ಲಿಗೆ ಬಿಟ್‌ಗೆ ಟೇಪ್ ಸುತ್ತಿದ್ದರು. ಅಷ್ಟು ಸಣ್ಣ ಬಿಟ್ ಸಿಗದಿದ್ದರೆ ಅದೇ ದಪ್ಪದ ಮೊಳೆಯ ತಲೆ ಕತ್ತರಿಸಿ ಡ್ರಿಲ್ಲಿಗೆ ಸಿಕ್ಕಿಸಿದರೂ ನಡೆಯುತ್ತದೆ. ತೂತಿಗೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ, ದಾರಿ ಮಾಡಿ, ಬಿಚ್ಚಿದರು. ಆಮೇಲೆ ಹಿತ್ತಾಳೆಯದನ್ನು ಮೇಣದಬತ್ತಿಗೆ ಉಜ್ಜಿ ತಿರುಗಿಸಿದರು. ಬೆಣ್ಣೆಗೆ ಹೋದ ಹಾಗೆ ಹೋಯಿತು. ಎಲ್ಲ ಸ್ಕ್ರೂಗಳನ್ನು ಒಮ್ಮೆಗೇ ಹಾಕಲಿಲ್ಲ. ಒಂದೊಂದು ರೆಕ್ಕೆಗೆ ಒಂದೊಂದೇ ಸ್ಕ್ರೂ ಹಾಕಿ, ಮುಚ್ಚಳ ಮುಚ್ಚಿ ನೋಡಿ, ಎರಡು ಹಿಂಜಸ್ಸಿನ ಗಣ್ಣೂ ಒಂದೇ ನೇರಕ್ಕಿದೆ ಅಂತ ಖಾತ್ರಿಯಾದಮೇಲೆ ಉಳಿದದ್ದು.

ರೆಕ್ಕೆ ಕೂರಿಸಲು ಉಳಿಯಿಂದ ಕೆತ್ತುವಾಗ ಆಳ ಹೆಚ್ಚಾಗದಂತೆ ನೋಡಿಕೊಳ್ಳಿ. ಹೆಚ್ಚಾದರೆ ಮುಚ್ಚಳ ಹಿಂದುಗಡೆ ಮೊದಲು ತಾಗಿ, ಮುಂದುಗಡೆ ಅಕ್ಕಿಕಾಳಿನಷ್ಟು ಸಂದು ಬಿಡುತ್ತದೆ. ಅದನ್ನು ಅದುಮಿ ಮುಚ್ಚಿದ ಪ್ರತಿ ಸಲವೂ ಸ್ಕ್ರೂ ಒಂದಿಷ್ಟು ಮೇಲೇಳುತ್ತದೆ. ಹಾಗಾದಾಗ ರೆಕ್ಕೆಯ ಕೆಳಗೆ ರಟ್ಟಿನ ಚೂರು ಇಟ್ಟು ಎತ್ತರಿಸಿ, ಬಲ ಹಾಕಬೇಡಿ. ಮುಚ್ಚಳ ಪೂರ್ತಿ ಹಿಂದಕ್ಕೆ ಬೀಳದ ಹಾಗೆ ಒಳಗೊಂದು ರಿಬ್ಬನ್ನೋ ಸಣ್ಣ ಸರಪಳಿಯೋ ಇರಲೇಬೇಕು. ಪೆಟ್ಟಿಗೆಯಲ್ಲಿ ಹಿಂಜಸ್ ಕೀಳುವುದು ಹೆಚ್ಚಾಗಿ ಮುಚ್ಚಳ ಹಿಂದಕ್ಕೆ ಬಿದ್ದಾಗಲೇ. ಅಂಗಡಿಗೆ ಹೋಗುವಾಗ ಪುಟ್ಟ ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆ ಅಂತ ಕೊಟ್ಟದ್ದು ಅದಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ನಮ್ಮ ಮಲೆನಾಡಿನ ಮಳೆಗೆ ಅದು ತುಕ್ಕು ಹಿಡಿಯುತ್ತದೆ.

ಒಳಗೆ ಪಟ್ಟಿ ಅಂಟಿಸುವುದು ಇಷ್ಟವಿಲ್ಲದಿದ್ದರೆ ತೆಳು ಪೆಟ್ಟಿಗೆಗೆ ಹಿಂಜಸ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಜಾರುಮುಚ್ಚಳ ಮಾಡಿ, ಇಲ್ಲವೇ ಎತ್ತಿಡುವ ಮುಚ್ಚಳ. ಅಜ್ಜಿಯ ಮರದ ಸಾಂಬಾರ ಬಟ್ಟಲಿನ ಮುಚ್ಚಳ ಒಂದೇ ಒಂದು ಮೊಳೆಯ ಮೇಲೆ ಪಕ್ಕಕ್ಕೆ ತಿರುಗುತ್ತಿತ್ತು. ದಿನಕ್ಕೆ ಹತ್ತು ಸಲ ತೆಗೆದು ಹಾಕಿದರೂ ಸಡಿಲವಾದದ್ದು ನಾನು ನೋಡಿಲ್ಲ. ಈಗ ಹೋಗಿ ನೋಡಿದೆ: ಮೊಳೆ ಇಳಿದಿರುವ ಜಾಗದಲ್ಲಿ ಮರ ಹೆಬ್ಬೆರಳಿನಷ್ಟು ದಪ್ಪ ಬಿಟ್ಟಿದ್ದಾರೆ, ಉಳಿದ ಕಡೆ ಮಾತ್ರ ತೆಳ್ಳಗೆ ಕೊರೆದಿದ್ದಾರೆ.

ಪೆಟ್ಟಿಗೆ ಈಗ ಅಮ್ಮನ ಬೀರುವಿನಲ್ಲಿದೆ. ಚೆನ್ನಾಗಿದೆ ಅಂತ ಅವರು ಎಲ್ಲರಿಗೂ ತೋರಿಸುತ್ತಾರೆ. ಆದರೆ ಸೀಳು ತೆಗೆಯಲು ಅಂಚು ಸವರಿದಾಗ ನಾಲ್ಕು ಮಿಲಿಮೀಟರ್ ಮರ ಹೋಯಿತಲ್ಲ, ಅಷ್ಟರಲ್ಲಿ ಆ ಕಡು ಗೆರೆಯ ಜೋಡಣೆ ತಪ್ಪಿತು. ಮುಂದಿನ ಹಲಗೆಯಲ್ಲಿ ಓರೆಯಾಗಿ ಹತ್ತಿ ಬಂದದ್ದು ಮುಚ್ಚಳದಲ್ಲಿ ಒಂದು ಕಡ್ಡಿಯಷ್ಟು ಆಚೆಯಿಂದ ಶುರುವಾಗುತ್ತದೆ. ಅಟ್ಟದ ಹಲಗೆಯಲ್ಲಿ ಇನ್ನೊಂದು ಮೊಳದಷ್ಟು ಉಳಿದಿದೆ. ಅದರ ಮೇಲೆ ಹಿಂಜಸ್ ಇಟ್ಟು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ. ಗರಗಸ ಇನ್ನೂ ಮುಟ್ಟಿಲ್ಲ.