ಸೂಪರ್‌ಡಾರ್ನ್ ಮ್ಯಾಪ್: ಗೆರೆ ನೋಡೋಕ್ ಮುಂಚೆ ಚುಕ್ಕಿ ನೋಡಿ

ಧ್ರುವಗಳ ಮೇಲೆ ಅಯಾನುಗೋಳದಲ್ಲಿ (ವಾತಾವರಣದ ಮೇಲ್ಗಡೆ ವಿದ್ಯುದಾವೇಶ ಇರೋ ಪದರ) ಪ್ಲಾಸ್ಮಾ, ಅಂದ್ರೆ ವಿದ್ಯುದಾವೇಶ ಇರೋ ಅನಿಲ, ಯಾವ ಕಡೆ, ಎಷ್ಟು ವೇಗವಾಗಿ ಹರೀತಿದೆ ಅಂತ ತೋರ್ಸೋ ಸೂಪರ್‌ಡಾರ್ನ್ ಮ್ಯಾಪನ್ನ ತುಂಬಾ ದಿನದಿಂದ ನೋಡ್ತಾ ಇದೀನಿ, ನಂಗಂತೂ ಬಹಳ ಇಷ್ಟ, 5ಕ್ಕೆ ನಾಲ್ಕೂವರೆ ಕೊಡ್ತೀನಿ.

ಇದು ಒಂದು ರಾಡಾರ್ ಜಾಲ, ಎರಡೂ ಧ್ರುವದ ಕಡೆ ಸೇರಿ 30ಕ್ಕಿಂತ ಜಾಸ್ತಿ ರಾಡಾರ್ ಇದಾವೆ, ಮೊದಲ್ನೇದು 1983ರಲ್ಲಿ ಕೆನಡಾದ ಗೂಸ್ ಬೇಯಲ್ಲಿ ಶುರುವಾಗಿದ್ದು. ಶಾರ್ಟ್‌ವೇವ್ ಸಿಗ್ನಲ್ ಬಿಡ್ತವೆ, ಅದು ಮೇಲೆ ಪ್ಲಾಸ್ಮಾದ ಏರುಪೇರಿಗೆ ತಾಗಿ ವಾಪಸ್ ಬಂದಾಗ ಡಾಪ್ಲರ್ (ಚಲನೆಯಿಂದ ಸಿಗ್ನಲ್ ಆವರ್ತನದಲ್ಲಾಗೋ ಬದಲಾವಣೆ) ನೋಡಿ ವೇಗ ಹೇಳ್ತವೆ, ಅದನ್ನೆಲ್ಲ ಸೇರ್ಸಿ ನಿಮಿಷ ಎರಡು ನಿಮಿಷಕ್ಕೊಂದು ಚಿತ್ರ. ಅದ್ರಲ್ಲಿ ಚುಕ್ಕಿ ಅಂದ್ರೆ ರಾಡಾರ್ ಅಳೆದ ಜಾಗ, ಗೆರೆ ಅಂದ್ರೆ ಹರಿವಿನ ದಾರಿ.

ಮೂಲೇಲಿ ಒಂದು ಸಣ್ಣ ಮುಳ್ಳು ಇರತ್ತೆ, ಸೌರಮಾರುತದ (ಸೂರ್ಯನಿಂದ ಹೊರಡೋ ಪ್ಲಾಸ್ಮಾ ಹರಿವಿನ) ಕಾಂತಕ್ಷೇತ್ರ ಯಾವ ಕಡೆ ಇದೆ ಅಂತ. ಒಂದಿನ ಅದು ಉತ್ತರದಿಂದ ದಕ್ಷಿಣಕ್ಕೆ ತಿರುಗಿದ್ದನ್ನ ಕೂತು ನೋಡ್ದೆ, ಸೊರಗಿದ್ದ ಹರಿವಿನ ಸುಳಿಗಳು ನೋಡ್ತಾ ನೋಡ್ತಾ ದೊಡ್ಡದಾದ್ವು, ಸೆಕೆಂಡಿಗೆ 300 ಮೀಟರ್ ಇದ್ದ ಚುಕ್ಕಿಗಳು ಸಾವಿರದ ಹತ್ರ ಹೋದ್ವು. ಹರಿವು ಹಗಲಿನ ಕಡೆಯಿಂದ ಧ್ರುವದ ಮೇಲೆ ಹಾದು ರಾತ್ರಿ ಕಡೆಗೆ, ಆಮೇಲೆ ಎರಡೂ ಬದಿಯಿಂದ ವಾಪಸ್. ಭೌತವಿಜ್ಞಾನಿ ಜೇಮ್ಸ್ ಡಂಜಿ 1961ರಲ್ಲಿ ಹೇಳಿದ್ದ ಈ ಸುತ್ತು ಕಣ್ಣೆದುರೇ ನಡೀತಿತ್ತು!

ಆದ್ರೆ ಒಂದು ಮಾತು. ನುಣುಪಾದ ಗೆರೆ ನೋಡಿ ಎಲ್ಲಾ ಕಡೆ ಅಳತೆ ಆಗಿದೆ ಅನ್ಕೋಬೇಡಿ. ಚುಕ್ಕಿ ಇರೋ ಕಡೆ ಮಾತ್ರ ರಾಡಾರ್ ಡೇಟಾ, ಉಳಿದ ಜಾಗ ಹಳೇ ಸರಾಸರಿ ಮಾಡೆಲ್ ತುಂಬಿರತ್ತೆ, ಮತ್ತೆ ನಿಜವಾದ ಹರಿವು ಸರಾಸರಿ ಹಂಗೆ ಸುಮ್ನೆ ಇರೋದೇ ಇಲ್ಲ, ನಿಮಿಷಕ್ಕೊಂದು ಥರ ಕುಣೀತಿರತ್ತೆ. ಇದು ಯಾಕೆ ಮುಖ್ಯ ಅಂದ್ರೆ ಮೇಲಿನ ಗಾಳಿ ಬಿಸಿಯಾಗೋದು ಈ ಹರಿವಿನ ಹಿಂದಿರೋ ವಿದ್ಯುತ್ ಕ್ಷೇತ್ರದ ವರ್ಗಕ್ಕೆ ತಕ್ಕಂತೆ. ಕ್ಷೇತ್ರ ಒಂದೇ ಸಮ 20 ಇದ್ರೆ ವರ್ಗ 400, ಅದೇ ಅರ್ಧ ಹೊತ್ತು 0 ಅರ್ಧ ಹೊತ್ತು 40 ಇದ್ರೆ ಸರಾಸರಿ ಮತ್ತೆ 20ನೇ, ಆದ್ರೆ ವರ್ಗದ ಸರಾಸರಿ 800, ಅಂದ್ರೆ ಬಿಸಿ ಡಬಲ್. ಬಿಸಿಯಾದ ಗಾಳಿ ಉಬ್ಬಿ ಮೇಲೆ ಬಂದ್ರೆ ಕೆಳಗಿನ ಕಕ್ಷೇಲಿರೋ ಉಪಗ್ರಹಗಳಿಗೆ ಎಳೆತ ಜಾಸ್ತಿ. ಏರಿಳಿತ ಬಿಟ್ಟು ಲೆಕ್ಕ ಹಾಕಿದ್ರೆ ಎಡವಟ್ಟು ಆಗೋದು ಅಲ್ಲೇ.

ಅರ್ಧ ಮಾರ್ಕ್ಸ್ ಯಾಕೆ ಕಟ್ ಮಾಡ್ದೆ ಅಂದ್ರೆ, ದೊಡ್ಡ ಭೂಕಾಂತ ಬಿರುಗಾಳಿ ಬಂದಾಗ ಅಯಾನುಗೋಳದ ಕೆಳಪದರ ಶಾರ್ಟ್‌ವೇವನ್ನೇ ನುಂಗಿಬಿಡತ್ತೆ, ನಮಗೆ ಬೇಕಾದ ಹೊತ್ತಲ್ಲೇ ಚುಕ್ಕಿ ಮಾಯ. ಅಂಥ ದಿನ ಒಂದೇ ಚಿತ್ರ ನಂಬ್ಬೇಡಿ, ಹಿಂದಿನ ಮುಂದಿನ ಹತ್ತು ಚಿತ್ರ ಸಾಲಾಗಿ ಓಡ್ಸಿ ನೋಡಿ.