ಚಿನ್ನದಂಗಡಿಯವರು ಕೊಟ್ಟ ಏಳು ಹೊಸ ಹಾಡುಗಳು

ಅಕ್ಕನ ಮೊಮ್ಮಗಳಿಗೆ ಒಂದು ಜೊತೆ ಓಲೆ ಕೊಳ್ಳಲೆಂದು ಕಳೆದ ತಿಂಗಳು ಕಾಸರಗೋಡು ಪೇಟೆಯ ದೊಡ್ಡ ಚಿನ್ನದಂಗಡಿಯೊಂದಕ್ಕೆ ಹೋಗಿದ್ದಾಗ, ಬಿಲ್ಲಿನ ಜೊತೆಗೆ ಅಂಗೈಯಗಲದ ಒಂದು ಕಾರ್ಡನ್ನೂ ಕೊಟ್ಟರು. ಅದರಲ್ಲಿ ಕ್ಯೂಆರ್ ಕೋಡ್, ಮಲಯಾಳದಲ್ಲಿ ನಾಲ್ಕು ಸಾಲು ಮತ್ತು ಕನ್ನಡದಲ್ಲಿ ಒಂದೇ ಸಾಲು ಇತ್ತು: ಏಳು ಹೊಸ ಕನ್ನಡ ಭಾವಗೀತೆಗಳು ಗ್ರಾಹಕರಿಗೆ ಉಚಿತ. ಬದಿಯಡ್ಕದ ಸಮೀಪ ಹಲವು ವರ್ಷಗಳಿಂದ ಮಕ್ಕಳಿಗೆ ಹಾಡು ಕಲಿಸುತ್ತಿರುವ ನನಗೆ ಆ ಒಂದು ಸಾಲು ಓಲೆಗಿಂತ ಹೆಚ್ಚಿನ ಸಂತೋಷ ಕೊಟ್ಟಿತು. ನಮ್ಮ ಗಡಿನಾಡಿನಲ್ಲಿ ಹೊಸ ಕನ್ನಡ ಹಾಡಿಗೆ ಹಣ ಹಾಕುವವರು ಬಹಳ ಕಡಿಮೆ. ಹಾಗಾಗಿ ಆ ಹಾಡುಗಳನ್ನೂ, ಅವು ನಮ್ಮ ಕೈಗೆ ಬರುವ ಬಗೆಯನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ.

ಮೊದಲು ಹಾಡುಗಳ ವಿಚಾರ. ಏಳರಲ್ಲಿ ನಾಲ್ಕು ಬಹಳ ಚೆನ್ನಾಗಿವೆ, ಎರಡು ಸಾಧಾರಣ, ಹಬ್ಬದ ಮೇಲಿನ ಒಂದನ್ನು ತರಾತುರಿಯಲ್ಲಿ ಮಾಡಿ ಮುಗಿಸಿದಂತಿದೆ. ಚಂದ್ರಗಿರಿ ಹೊಳೆಯ ಮೇಲೆ ಮಳೆ ನಡೆದುಬರುವುದನ್ನು ಹೇಳುವ ಮೂರನೆಯ ಹಾಡನ್ನು ನಾನು ಹತ್ತಕ್ಕೂ ಹೆಚ್ಚು ಸಲ ಕೇಳಿದ್ದೇನೆ. ಅದರ ಪಲ್ಲವಿ ಮೋಹನ ರಾಗದಲ್ಲಿ ಸರಳವಾಗಿ ಸಾಗುತ್ತದೆ. ಎರಡನೆಯ ಚರಣದಲ್ಲಿ ಗಾಯಕಿ ಗಾಂಧಾರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವ ಅರೆಕ್ಷಣದಲ್ಲಿ ಪಿಟೀಲು ಅದೇ ಸ್ವರವನ್ನು ಮೆಲ್ಲನೆ ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತದೆ. ಸ್ವರ ಯಾವಾಗ ಕೈ ಬದಲಾಯಿತೆಂದು ಮೊದಲ ಸಲ ಕೇಳಿದಾಗ ನನಗೆ ಗೊತ್ತೇ ಆಗಲಿಲ್ಲ. ಸಂಯೋಜಕರು ಸಾಹಿತ್ಯವನ್ನು ಮನಸ್ಸಿಟ್ಟು ಓದಿಕೊಂಡೇ ಸ್ವರ ಹಾಕಿದ್ದಾರೆ ಎಂಬುದಕ್ಕೆ ಆ ಒಂದು ಜಾಗವೇ ಸಾಕು. ಧ್ವನಿಮುದ್ರಣವೂ ಸ್ವಚ್ಛವಾಗಿದೆ, ತಬಲ ಎಲ್ಲಿಯೂ ಮಾತನ್ನು ನುಂಗುವುದಿಲ್ಲ.

ಆದರೆ ಇವುಗಳನ್ನು ಕೇಳುವುದಕ್ಕೆ ಮೊದಲು ಅಂಗಡಿಯ ಆ್ಯಪ್ ಹಾಕಿಕೊಳ್ಳಬೇಕು. ಅದು ಫೋನ್ ನಂಬರನ್ನು ಕೇಳುತ್ತದೆ, ಹುಟ್ಟಿದ ದಿನವನ್ನು ಕೇಳುತ್ತದೆ, ಮದುವೆಯ ವಾರ್ಷಿಕ ದಿನವನ್ನೂ ಕೇಳುತ್ತದೆ. ನಾವಿರುವ ಸ್ಥಳವನ್ನೂ ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ನೋಡಲು ಒಪ್ಪಿಗೆ ಕೊಡದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಕನ್ನಡ ಹಾಡು ಕೇಳಲು ಬಂದವರಿಗೆ ಒಟಿಪಿಯ ಸಂದೇಶ ಬರುವುದು ಮಲಯಾಳದಲ್ಲಿ. ನಾನು ಸ್ಥಳಕ್ಕೆ ಒಪ್ಪಿಗೆ ಕೊಟ್ಟೆ, ಹೆಸರುಗಳ ಪಟ್ಟಿಗೂ ಕೊಟ್ಟೆ, ಆಮೇಲೆ ಕೊಡಬಾರದಿತ್ತೆಂದು ನೊಂದುಕೊಂಡೆ. ಮೂರನೆಯ ದಿನದಿಂದ ತಿಂಗಳ ಕಂತಿನ ಚಿನ್ನದ ಸ್ಕೀಮಿಗೆ ಸೇರಿ ಎಂಬ ಕರೆಗಳು ಬರತೊಡಗಿ, ಒಂದು ಮಧ್ಯಾಹ್ನ ಪಾಠದ ನಡುವೆಯೇ ಎರಡು ಸಲ ಫೋನು ಹೊಡೆದುಕೊಂಡಿತು. ಹಾಡುಗಳನ್ನು ಆ್ಯಪಿನಿಂದ ಹೊರಗೆ ತೆಗೆದಿಟ್ಟುಕೊಳ್ಳಲು ಬರುವುದಿಲ್ಲ. ಪ್ರತಿ ಹಾಡಿನ ಮುಂದೆ ಅಂಗಡಿಯ ಜಾಹೀರಾತು ಇದೆ. ಆ ಮಳೆಯ ಹಾಡಿನ ಮುಂದೆಯೂ ಇದೆ.

ಈ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ರ್‍ಯಾಪ್ ಗಾಯಕ ಜೇ-ಝೀ ಅವರ ಹೊಸ ಆಲ್ಬಮಿನ 10 ಲಕ್ಷ ಪ್ರತಿಗಳನ್ನು 2013ರಲ್ಲಿ ಸ್ಯಾಮ್ಸಂಗ್ ಕಂಪೆನಿ ತಲಾ 5 ಡಾಲರಿನಂತೆ ಮೊದಲೇ ಕೊಂಡು, ತನ್ನ ಫೋನು ಇಟ್ಟುಕೊಂಡವರಿಗೆ ಮಾರುಕಟ್ಟೆಗೆ ಬರುವ ಮುನ್ನವೇ ಉಚಿತವಾಗಿ ಹಂಚಿತ್ತು. ಅದಕ್ಕಾಗಿ ಮಾಡಿದ್ದ ಆ್ಯಪ್ ಕೇಳುಗರ ಸ್ಥಳದ ವಿವರವನ್ನೂ ಅವರ ಫೇಸ್‌ಬುಕ್ ಅಥವಾ ಟ್ವಿಟರ್ ಖಾತೆಯನ್ನೂ ಕೇಳುತ್ತಿತ್ತೆಂದು ಅಲ್ಲಿಯವರು ಆಗಲೇ ದೊಡ್ಡ ದನಿಯಲ್ಲಿ ಆಕ್ಷೇಪಿಸಿದ್ದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಆಪಲ್ ಕಂಪೆನಿ ಐರ್ಲೆಂಡಿನ ಯೂ2 ತಂಡದ ಹೊಸ ಆಲ್ಬಮನ್ನು ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಕೇಳದೆಯೇ ಸೇರಿಸಿತು. ಜನ ಎಷ್ಟು ಬೇಸರಪಟ್ಟರೆಂದರೆ, ಅದನ್ನು ಅಳಿಸಿಹಾಕಲು ಕಂಪೆನಿ ಪ್ರತ್ಯೇಕ ವ್ಯವಸ್ಥೆಯನ್ನೇ ಮಾಡಿಕೊಡಬೇಕಾಯಿತು, ಗಾಯಕ ಬೋನೋ ಕ್ಷಮೆ ಕೇಳಬೇಕಾಯಿತು. ಎರಡು ಕಡೆಯೂ ಕಲಾವಿದರಿಗೆ ಹಣ ಸಿಕ್ಕಿತು, ಕೇಳುಗರಿಗೆ ಖರ್ಚಿರಲಿಲ್ಲ. ಆದರೂ ಬೇಸರ ಹುಟ್ಟಿದ್ದು ಕೊಟ್ಟ ಬಗೆಯಿಂದ.

ಯಾರೋ ಹಣ ಕೊಟ್ಟು ಎಲ್ಲರೂ ಪುಕ್ಕಟೆಯಾಗಿ ಹಾಡು ಕೇಳುವುದು ಕಾಸರಗೋಡಿನ ನಮಗೆ ಹೊಸ ಸಂಗತಿಯಲ್ಲ. ಕಟೀಲು ಯಕ್ಷಗಾನ ಮೇಳದ ಹರಕೆಯ ಆಟಕ್ಕೆ ಯಾರೂ ಟಿಕೇಟು ಕೊಂಡವರಿಲ್ಲ. ಆಟದ ವೀಳ್ಯ, ಅಂದರೆ ಆಡಿಸುವ ಹಣ, ಕೊಟ್ಟವರು ಸೇವಾಕರ್ತರು; ಅವರ ಹೆಸರು ಕರಪತ್ರದಲ್ಲಿರುತ್ತದೆ, ಮೈಕಿನಲ್ಲಿ ಹೇಳುತ್ತಾರೆ, ಪ್ರಸಾದ ಅವರ ಕೈಗೆ ಸಲ್ಲುತ್ತದೆ. ಬಯಲಿನಲ್ಲಿ ಕುಳಿತವನನ್ನು ನೀನು ಯಾರು, ಎಲ್ಲಿಂದ ಬಂದೆ ಎಂದು ಯಾರೂ ಕೇಳುವುದಿಲ್ಲ. ಭಾಗವತರು ಜಾಗಟೆ ಎತ್ತಿದ ಮೇಲೆ ಸೇವಾಕರ್ತರ ಹೆಸರು ಪದದ ನಡುವೆ ನುಸುಳುವುದಿಲ್ಲ, ಮತ್ತು ಭಾಗವತರು ಯಾರು, ಮದ್ದಳೆ ಯಾರದು ಎಂಬುದು ಸಭೆಯಲ್ಲಿ ಕುಳಿತ ಹುಡುಗನಿಗೂ ಗೊತ್ತಿರುತ್ತದೆ. ಪ್ರಾಯೋಜಕತ್ವ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿರುವ ಅಳತೆ ಇದೇ.

ಆ ಅಳತೆಯಲ್ಲಿ ನೋಡಿದರೆ ಈ ಏಳು ಹಾಡುಗಳ ದೊಡ್ಡ ಕೊರತೆ ಆ್ಯಪೂ ಅಲ್ಲ, ಜಾಹೀರಾತೂ ಅಲ್ಲ. ಹಾಡಿದವರು, ಬರೆದವರು, ಸ್ವರ ಹಾಕಿದವರು ಯಾರೆಂದು ಎಲ್ಲಿಯೂ ಇಲ್ಲ. ಕಲಾವಿದರ ಹೆಸರಿರಬೇಕಾದ ಜಾಗದಲ್ಲಿ ಅಂಗಡಿಯ ಹೆಸರಿದೆ. ಮಳೆಯ ಹಾಡನ್ನು ಮಕ್ಕಳಿಗೆ ಕಲಿಸಬೇಕು, ನಮ್ಮ ವಾರ್ಷಿಕೋತ್ಸವದಲ್ಲಿ ಹಾಡಿಸಬೇಕು ಎಂದು ಅಂಗಡಿಗೆ ಫೋನು ಮಾಡಿ ವಿಚಾರಿಸಿದೆ. ಮಾತಾಡಿದ ಹುಡುಗ ಮರ್ಯಾದೆಯಿಂದಲೇ ಹೇಳಿದ: "ಹೆಸರು ಗೊತ್ತಿಲ್ಲ ಟೀಚರೇ, ಅದು ನಮ್ಮ ಕಂಪೆನಿಯದ್ದೇ ಹಾಡಲ್ವಾ." ಪಿಟೀಲಿನ ನಡೆಯನ್ನು ಮಾತ್ರ ನಾನು ಗುರುತಿಸಿದ್ದೆ. ಪರಿಚಯದವರೇ ಆದ ಆ ವಾದಕರನ್ನು ಕೇಳಿದಾಗ, ಮಂಗಳೂರಿನ ಸ್ಟುಡಿಯೋ ಒಂದರಲ್ಲಿ ಒಂದು ದಿನದ ಸಂಭಾವನೆ ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರೆಂದೂ, ಏತಕ್ಕಾಗಿ ನುಡಿಸಿದ್ದೆಂಬುದು ನಾನು ಹೇಳಿದ ಮೇಲಷ್ಟೇ ಗೊತ್ತಾಯಿತೆಂದೂ ಅವರು ಹೇಳಿದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ. ಕೇಳಿದ ನನಗೇ ಸಂಕಟವಾಯಿತು.

ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಧ್ವನಿಮುದ್ರಿಕೆಯಲ್ಲಿ ಬಳಕೆಯಾದ ಸಾಹಿತ್ಯ ಮತ್ತು ಸಂಗೀತಕ್ಕೆ ಬರಬೇಕಾದ ರಾಯಧನದ ಪಾಲನ್ನು ಬರೆದವರೂ ಸ್ವರ ಹಾಕಿದವರೂ ಕಂಪೆನಿಗೆ ಬಿಟ್ಟುಕೊಡುವಂತಿಲ್ಲ; ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಹೆಸರನ್ನು ಕಾಣಿಸಿಕೊಳ್ಳುವ ಹಕ್ಕನ್ನು ಅದೇ ತಿದ್ದುಪಡಿ ಕೊಟ್ಟಿದೆ. ಕಂಪೆನಿಯ ಹಣದಲ್ಲಿ ಹೀಗೆ ಹೆಸರಿಟ್ಟು ಹಾಡು ಹಂಚಲು ಸಾಧ್ಯವೆಂಬುದಕ್ಕೆ ಉದಾಹರಣೆ ದೂರದಲ್ಲೇನೂ ಇಲ್ಲ. ತಂಪು ಪಾನೀಯದ ಕಂಪೆನಿಯೊಂದರ ಹಣದಲ್ಲಿ 2008ರಿಂದ ಪಾಕಿಸ್ತಾನದಲ್ಲಿ, 2011ರಿಂದ ನಮ್ಮ ದೇಶದಲ್ಲಿ ನಡೆದ ಕೋಕ್ ಸ್ಟುಡಿಯೋದ ಹಾಡುಗಳನ್ನು ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಕಂಪೆನಿಯ ಹೆಸರು ಕಾರ್ಯಕ್ರಮದ ಹೆಸರಿನಲ್ಲೇ ಇದೆ, ನಿಜ. ಆದರೆ ಹಾಡಿದವರ, ಸಂಯೋಜಿಸಿದವರ, ಹಿಂದೆ ಕುಳಿತು ವಾದ್ಯ ನುಡಿಸಿದವರ ಹೆಸರುಗಳೂ ಹಾಡಿನ ಜೊತೆಗೇ ಸಿಗುತ್ತವೆ.

ಇಷ್ಟು ಹೇಳಿದ ಮೇಲೂ ಕಾರ್ಡು ಸಿಕ್ಕಿದವರು ಅದನ್ನು ಬಿಸಾಡಬಾರದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮೂರನೆಯ ಮತ್ತು ಆರನೆಯ ಹಾಡುಗಳನ್ನು ಕೇಳದೆ ಉಳಿಯುವುದು ನಷ್ಟ. ಹಾಡು ಕೇಳಿ ಮುಗಿದ ಮೇಲೆ ಫೋನಿನ ಸೆಟ್ಟಿಂಗ್‌ಗೆ ಹೋಗಿ ಕೊಟ್ಟ ಒಪ್ಪಿಗೆಗಳನ್ನೆಲ್ಲ ಹಿಂದೆಗೆದುಕೊಳ್ಳಿ. ನಾನು ಹಾಗೆ ಮಾಡಿದ ಮೇಲೂ ಹಾಡುಗಳು ಕೇಳುತ್ತಿವೆ.

ಓಲೆಯ ತಿರುಪು ಸಡಿಲವಾಗಿದೆ, ಬರುವ ಶನಿವಾರ ಹೇಗೂ ಅಂಗಡಿಗೆ ಹೋಗಲಿಕ್ಕಿದೆ. ಕಲಾವಿದರ ಹೆಸರುಗಳ ಪಟ್ಟಿ ಕೊಡಿ ಎಂದು ಒಂದು ಪತ್ರ ಬರೆದು ಚೀಲದಲ್ಲಿಟ್ಟುಕೊಂಡಿದ್ದೇನೆ, ಮ್ಯಾನೇಜರರ ಕೈಗೇ ಕೊಡುತ್ತೇನೆ. ವಾರ್ಷಿಕೋತ್ಸವದ ಆಮಂತ್ರಣದ ಕರಡಿನಲ್ಲಿ ಮಳೆಯ ಹಾಡಿನ ಎದುರಿಗೆ ರಚನೆ, ರಾಗ ಸಂಯೋಜನೆ ಎಂದು ಬರೆದು, ಮುಂದಿನ ಜಾಗವನ್ನು ಅಷ್ಟರವರೆಗೆ ಖಾಲಿ ಬಿಟ್ಟಿದ್ದೇನೆ.